ತ್ರಿಜ್ಯವೋ ವ್ಯಾಸವೋ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮೂರು ಆಯಾಮದ ಆಕೃತಿಗಳನ್ನು ರಚಿಸುವುದು ಅವನ ವೃತ್ತಿ. ಈಗ ಆ ತಂತ್ರಾಂಶವನ್ನು ಕೃತಕ ಬುದ್ಧಿಮತ್ತೆಯ ಏಜೆಂಟ್ ನಡೆಸುವಂತೆ ಮಾಡುವುದರಲ್ಲಿ ತೊಡಗಿದ್ದಾನಂತೆ. ಕಾಫಿ ಕುಡಿಯುತ್ತಲೇ ಲ್ಯಾಪ್‌ಟಾಪ್ ತೆರೆದು, "ನೋಡಿ ಸಾರ್, ಎರಡು ದಿನದಿಂದ ಈ ಕುರ್ಚಿ ನೆಟ್ಟಗೆ ನಿಲ್ಲುತ್ತಿಲ್ಲ" ಎಂದ. ೯೦ ಡಿಗ್ರಿ ತಿರುಗಬೇಕಾಗಿದ್ದ ಕುರ್ಚಿ ಗೋಡೆಗೆ ಓರೆಯಾಗಿ ನಿಂತಿತ್ತು.

ಈ ಏಜೆಂಟ್ ಕೆಲಸ ಮಾಡುವ ಬಗೆಯನ್ನು ಕೇಳಿ ತಿಳಿದುಕೊಂಡೆ. ಆಂಥ್ರೋಪಿಕ್ ಸಂಸ್ಥೆ ೨೦೨೪ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಮುಕ್ತ ಮಾನಕವೊಂದನ್ನು ಪ್ರಕಟಿಸಿತು. ಅದರ ಪ್ರಕಾರ ಪ್ರತಿಯೊಂದು ಸಾಧನದ ಹೆಸರು, ಅದರ ವಿವರಣೆ, ಅದಕ್ಕೆ ಕೊಡಬೇಕಾದ ಬೆಲೆಗಳ ಪಟ್ಟಿ ಇವಿಷ್ಟನ್ನು ಏಜೆಂಟಿನ ಮುಂದೆ ಇಡಲಾಗುತ್ತದೆ. ಸಾಧನದ ಒಳಗಿನ ಕಾರ್ಯವಿಧಾನ ಅದಕ್ಕೆ ಕಾಣದು. ಪ್ರಶ್ನೆಪತ್ರಿಕೆಯನ್ನು ಮಾತ್ರ ನಂಬಿ ಕುಳಿತ ವಿದ್ಯಾರ್ಥಿಯ ಹಾಗೆ, ಬರೆದದ್ದನ್ನು ಓದಿಯೇ ಅದು ನಿರ್ಧರಿಸಬೇಕು.

ನನ್ನ ಶಿಷ್ಯ ಬರೆದಿದ್ದ ವಿವರಣೆ ಇಷ್ಟೇ: "ವಸ್ತುವನ್ನು ತಿರುಗಿಸುತ್ತದೆ. ಕೋನ: ಸಂಖ್ಯೆ." ಏಜೆಂಟ್ ೯೦ ಎಂದು ಕೊಟ್ಟಿತ್ತು. ಬ್ಲೆಂಡರಿನ ಪರದೆಯ ಮೇಲೆ ಕೋನ ಡಿಗ್ರಿಯಲ್ಲಿ ಕಂಡರೂ, ಪೈಥಾನ್ ಆದೇಶದ ಮೂಲಕ ಕೊಡುವಾಗ ಅದು ರೇಡಿಯನ್‌ನಲ್ಲಿರಬೇಕು. ಕಾಗದ ತೆಗೆದು ಲೆಕ್ಕ ಹಾಕಿದೆ. ೯೦ ರೇಡಿಯನ್ ಎಂದರೆ ಸುಮಾರು ೫೧೫೭ ಡಿಗ್ರಿ. ಹದಿನಾಲ್ಕು ಪೂರ್ಣ ಸುತ್ತುಗಳನ್ನು ಕಳೆದರೆ ಉಳಿಯುವುದು ೧೧೭. ಕುರ್ಚಿ ನಿಂತಿದ್ದುದು ಸರಿಯಾಗಿ ಅಲ್ಲಿಯೇ! ೯೦ ಎಂಬುದೂ ಒಂದು ಸಂಖ್ಯೆಯೇ ಆದ್ದರಿಂದ ತಂತ್ರಾಂಶವು ತಪ್ಪೆಂದು ಹೇಳಿರಲಿಲ್ಲ.

"ಇನ್ನೊಂದಿದೆ ಸಾರ್. ಒಂದು ಮೀಟರ್ ಅಗಲದ ಕಂಬ ಕೇಳಿದರೆ ಎರಡು ಮೀಟರಿನದು ಬರುತ್ತದೆ. ಇದಕ್ಕೆ ಬುದ್ಧಿಯೇ ಇಲ್ಲ" ಎಂದ. ಅವನು ಘನಕ್ಕೂ ಸಿಲಿಂಡರಿಗೂ 'ಗಾತ್ರ' ಎಂಬ ಒಂದೇ ಪದ ಬಳಸಿದ್ದ. ಬ್ಲೆಂಡರಿನಲ್ಲಿ ಘನಕ್ಕೆ ಕೊಡುವ ಅಳತೆ ಇಡೀ ಬಾಹುವಿನದು. ಸಿಲಿಂಡರಿಗೆ ಕೊಡುವುದು ತ್ರಿಜ್ಯ.

ತ್ರಿಜ್ಯ ಎಂಬ ಮಾತು ಬಂದೊಡನೆ ನಾನು ಸುಮ್ಮನಾದೆ.

೧೯೯೧ರ ಅರ್ಧವಾರ್ಷಿಕ ಪರೀಕ್ಷೆ. ಹತ್ತನೆಯ ತರಗತಿಯ ಗಣಿತದ ಪತ್ರಿಕೆಯಲ್ಲಿ "೪ ಸೆಂ.ಮೀ. ವೃತ್ತ ರಚಿಸಿ, ಕೇಂದ್ರದಿಂದ ೧೦ ಸೆಂ.ಮೀ. ದೂರದ ಬಿಂದುವಿನಿಂದ ಸ್ಪರ್ಶಕಗಳನ್ನು ಎಳೆಯಿರಿ" ಎಂದು ನಾನು ಬರೆದಿದ್ದೆ. ತರಗತಿಯಲ್ಲಿ ಸದಾ ತ್ರಿಜ್ಯವನ್ನೇ ಹೇಳುತ್ತಿದ್ದುದರಿಂದ ನನ್ನ ಮಕ್ಕಳೆಲ್ಲ ಹಾಗೆಯೇ ತಿಳಿದರು. ಬೇರೆ ಊರಿನಿಂದ ನಡುವರ್ಷದಲ್ಲಿ ಬಂದು ಸೇರಿದ್ದ ಹುಡುಗನೊಬ್ಬ ಮಾತ್ರ ವ್ಯಾಸವೆಂದು ತಿಳಿದು, ಕೈವಾರವನ್ನು ೨ ಸೆಂ.ಮೀ.ಗೆ ಇಟ್ಟು, ಅಚ್ಚುಕಟ್ಟಾಗಿ ಸ್ಪರ್ಶಕ ಎಳೆದಿದ್ದ. ನಾಲ್ಕು ಅಂಕಕ್ಕೆ ಸೊನ್ನೆ ಕೊಟ್ಟೆ. ಮೂರು ಅಂಕಗಳಿಂದ ಅವನು ಅನುತ್ತೀರ್ಣನಾದ. "ಸಾರ್, ತ್ರಿಜ್ಯ ಅಂತ ಬರೆದಿರಲಿಲ್ಲ" ಎಂದು ಎದ್ದು ನಿಂತು ಹೇಳಿದ. "ತಲೆಹರಟೆ ಬೇಡ, ಕೂತ್ಕೊ" ಎಂದೆ. ಕುಳಿತ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

"ಅದರ ಬುದ್ಧಿಯ ಮಾತು ಆಮೇಲಿರಲಿ ಕಣಪ್ಪ, ಮೊದಲು ನಮ್ಮ ಬರವಣಿಗೆ ನೋಡೋಣ" ಎಂದು ಶಿಷ್ಯನನ್ನು ಕೂರಿಸಿಕೊಂಡೆ. ಇಬ್ಬರೂ ಸೇರಿ ತಿದ್ದಿದೆವು: "ಹೆಸರಿಸಿದ ಒಂದು ವಸ್ತುವನ್ನು ಅದು ಈಗಿರುವ ಸ್ಥಿತಿಯಿಂದ, ಲಂಬ ಅಕ್ಷದ ಸುತ್ತ ತಿರುಗಿಸುತ್ತದೆ. ಕೋನ ಡಿಗ್ರಿಯಲ್ಲಿರಲಿ; ಲಂಬಕೋನಕ್ಕೆ ೯೦. ಧನ ಸಂಖ್ಯೆಯಾದರೆ ಮೇಲಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ತಿರುಗುತ್ತದೆ. ವಸ್ತುವಿನ ಜಾಗ ಬದಲಿಸಲು ಇದನ್ನು ಬಳಸಬಾರದು." ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸುವ ಕೆಲಸವನ್ನು ಸಾಧನದೊಳಗೇ ಸೇರಿಸಿದ. 'ಗಾತ್ರ' ಹೋಗಿ 'ತ್ರಿಜ್ಯ, ಮೀಟರ್‌ಗಳಲ್ಲಿ' ಎಂದಾಯಿತು. ಹೆಸರು ತಪ್ಪಿದಾಗ ಬರೀ "ದೋಷ" ಎನ್ನುವ ಬದಲು, "ಈ ಹೆಸರಿನ ವಸ್ತುವಿಲ್ಲ, ಇರುವವು ಇವು" ಎಂದು ಉತ್ತರಿಸುವಂತೆಯೂ ಮಾಡಿದ. ಕೆಂಪು ಶಾಯಿಯ ಗೀಟಿಗಿಂತ ಅಂಚಿನಲ್ಲಿ ಬರೆದ ಒಂದು ಸಾಲು ಹೆಚ್ಚು ಕಲಿಸುತ್ತದೆಯಷ್ಟೆ.

ಸಂಜೆಯ ಹೊತ್ತಿಗೆ ಕುರ್ಚಿ ಗೋಡೆಗೆ ನೇರವಾಗಿ ನಿಂತಿತು. ಶಿಷ್ಯ ಸಂತೋಷದಿಂದ ಹೊರಟ.

ನಮಗೆ ಗೊತ್ತಿರುವುದೆಲ್ಲ ಎದುರಿನವರಿಗೂ ಗೊತ್ತಿದೆ ಎಂದು ಭಾವಿಸುವುದು ಬರೆಯುವವನ ಮೊದಲ ತಪ್ಪು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದ ನನಗೆ ಇದನ್ನು ಮನಗಾಣಿಸಲು ಒಂದು ಓರೆ ಕುರ್ಚಿ ಬೇಕಾಯಿತು. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೆ ಸಲ್ಲಬೇಕಾದ ನಾಲ್ಕು ಅಂಕಗಳು ಇನ್ನೂ ನನ್ನ ಬಳಿಯೇ ಇವೆ.