ಕುಡಿದ್ರೆ ನಂಬಿಕೆ ಹೋಯ್ತಾ?

ನಮ್ಮ ಕಡೆ ಯಾರಾದ್ರೂ ಕ್ರೈಸ್ತರಾದ್ರೆ ಜನ ಅವರ ದೇವರ ಬಗ್ಗೆ ಕೇಳಲ್ಲ. ಕೇಳೋದು ಒಂದೇ: "ಕುಡಿಯೋದು ಬಿಟ್ಟಾನೇನು?" ಹೂವಿನಹಡಗಲಿಯ ಚಹಾದಂಗಡಿಗಳಲ್ಲಿ ಧರ್ಮಶಾಸ್ತ್ರ ಅಷ್ಟಕ್ಕೇ ಮುಗಿಯುತ್ತೆ. ಬಿಟ್ಟಿದ್ರೆ ಆ ದೇವರು ಖರೇ, ಬಿಡದಿದ್ರೆ ಸುಳ್ಳು.

ನನ್ನ ಜೊತೆ ಹೈಸ್ಕೂಲು ಓದಿದವನೊಬ್ಬ ಈ ಪರೀಕ್ಷೆಗೆ ಕೂತಿದ್ದಾನೆ. ಹಮಾಲಿ ಕೆಲಸ. ದಿನಾ ಸಂಜೆ ಕೈಗೆ ಕೂಲಿ, ಕೂಲಿ ಕೊಡೋ ಜಾಗದಿಂದ ಬಾರಿಗೆ ನಾಲ್ಕು ಹೆಜ್ಜೆ. ಪ್ರಾರ್ಥನೆಗೆ ಹೋಗೋಕೆ ಶುರು ಮಾಡಿದ ಮೇಲೆ ಹದಿನಾಲ್ಕು ತಿಂಗಳು ಮುಟ್ಟಲಿಲ್ಲ. ಮೈಲಾರ ಜಾತ್ರೆಗೆ ಬಂದ ಹಳೇ ದೋಸ್ತರ ಜೊತೆ ಒಂದು ರಾತ್ರಿ ಕುಡಿದ. ಮರುದಿನ ಓಣಿ ತುಂಬಾ ತೀರ್ಪು: "ಅವನ ನಂಬಿಕಿ ಅಷ್ಟ." ಅವನು ಫೋನ್ ಮಾಡಿ ಕೇಳಿದ, "ಲೇ, ನಾ ನಂಬಿದ್ದು ಸುಳ್ಳಾತೇನಲೇ ಹಂಗಾದ್ರ?"

ಕೋಡ್ ಬರೆಯೋನಿಗೆ ಈ ಪ್ರಶ್ನೆ! ಮಂಗಳೂರು ಕಡೆಯ ಪ್ರೊಟೆಸ್ಟೆಂಟ್ ಸಹೋದ್ಯೋಗಿಯೊಬ್ಬರನ್ನು ಊಟದ ಹೊತ್ತಲ್ಲಿ ಕೇಳಿದೆ. ಇದು ಸುಮಾರು ಎರಡು ಸಾವಿರ ವರ್ಷದ ಜಗಳ ಅಂತ ನಕ್ಕರು. ಪೌಲನಿಗೆ ನಂಬಿಕೆ ಮುಖ್ಯ, ಯಾಕೋಬನಿಗೆ ನಡತೆ ಇಲ್ಲದ ನಂಬಿಕೆ ಹೆಣ. ಲೂಥರ್ 1522ರಲ್ಲಿ ಯಾಕೋಬನ ಪತ್ರವನ್ನು ಹುಲ್ಲಿಗೆ ಹೋಲಿಸಿ ಪಕ್ಕಕ್ಕಿಟ್ಟ. ಆದರೆ ಬೇಡ ಅಂದುಕೊಂಡದ್ದನ್ನೇ ಮಾಡಿಬಿಡ್ತೀನಿ ಅಂತ ಗೋಳಾಡಿದವನೂ ಅದೇ ಪೌಲ. ಅವನನ್ನು ನಂಬಿಕೆ ಇಲ್ಲದವನು ಅಂತ ಯಾರೂ ಅಂದಿಲ್ಲವಲ್ಲ.

ನನ್ನ ತಲೆಯಲ್ಲಿ ಉಳಿದದ್ದು ಅವರು ಹೇಳಿದ ಅವರೂರಿನ ಕಥೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಂಬಿಕೆಯಿಂದಲೇ ರಕ್ಷಣೆ ಅಂತ ಸಾರಿದ ಇವರು ನಡತೆಯ ವಿಷಯದಲ್ಲಿ ಬಲು ಬಿಗಿ. ತಪ್ಪಿ ನಡೆದವರನ್ನು ಪ್ರಭು ಭೋಜನದಿಂದ ದೂರ ಇಡುತ್ತಿದ್ದರು. ಕ್ರೈಸ್ತರಾದ ಬಿಲ್ಲವರು ಶೇಂದಿ ಇಳಿಸೋ ಕಸುಬು ಬಿಡಬೇಕಿತ್ತು. ಸರಿ, ಬಿಟ್ಟರು. ಉಣ್ಣೋದೇನು? ಹಳೇ ಜಾತಿಯ ಆಸರೆಯೂ ಹೋಗಿತ್ತು. ಕೊನೆಗೆ ಮಿಷನ್ನೇ ನೇಯ್ಗೆ ಶುರು ಮಾಡಿತು. 1865ರಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಹಾಕಿದ. ನಾವು ಮಂಗಳೂರು ಹೆಂಚು ಅಂತ ಹೊದಿಸ್ತೀವಲ್ಲ, ಅದರ ಹಿಂದೆ ಈ ಕಥೆ ಇದೆ. ಪಾಪ ಬಿಡು ಅಂತ ಹೇಳಿದವರು ಕೆಲಸಕ್ಕೂ ದಾರಿ ಮಾಡಬೇಕಾಯ್ತು.

ಇದೆಲ್ಲ ಬರೀ ದಯೆ ಅಂತ ನಾನು ಹೇಳಲ್ಲ. ಕೂಲಿ ಕೊಡೋರೂ ಅವರೇ, ಪಾಪದ ಲೆಕ್ಕ ಇಡೋರೂ ಅವರೇ ಅಂದ್ರೆ ಉಸಿರು ಕಟ್ಟುತ್ತೆ. ಆದ್ರೂ ನಮ್ಮ ಓಣಿಯ ತೀರ್ಪಿಗಿಂತ ಅದು ವಾಸಿ. ಓಣಿಯವರು ಅವನ ನಂಬಿಕೆ ಅಳೆದರು, ಬಾರು ಎಷ್ಟು ಹತ್ತಿರ ಇದೆ ಅಂತ ಅಳೆಯಲಿಲ್ಲ.

ಕನ್ನಡದ 'ಪಾಪ' ವಿಚಿತ್ರ ಶಬ್ದ. ಬೈಬಲ್ಲಿನಲ್ಲಿ ಅದು ಅಪರಾಧ. ಅವನ ಅವ್ವ "ಪಾಪ, ಅವನರ ಏನ್ ಮಾಡ್ಯಾನು" ಅಂದಾಗ ಬರೀ ಕರುಣೆ.

ಹೆಂಚಿನ ಕಥೆ ಅವನಿಗೂ ಹೇಳಿದೆ. ನಕ್ಕ. "ನಮ್ಮ ಸಭೆಯವರು ಫ್ಯಾಕ್ಟರಿ ಹಾಕಂಗಿಲ್ಲ ಬಿಡಪಾ. ದಿನಾ ಕೈಗೆ ಕೊಡಬ್ಯಾಡ್ರಿ, ವಾರಕ್ಕೊಮ್ಮೆ ನನ್ನ ಹೆಂಡ್ತಿ ಅಕೌಂಟಿಗೆ ಹಾಕ್ರಿ ಅಂತ ಮಾಲಕರನ್ನ ಕೇಳೇನಿ. ಏನಂತಾರ ನೋಡೂನು."