ಪೊನ್ಕುಳಿಯ ಸೀತೆ, ನಡುಮನೆಯ ಸೀತೆ

ಗುಂಡ್ಲುಪೇಟೆ ಕಡೆಯ ಹಳೆಯ ಮನೆಗಳಲ್ಲಿ, ಒಳಗೆ ಕಾಲಿಟ್ಟವರನ್ನು ಮನೆಯವರಿಗಿಂತ ಮೊದಲು ಗೋಡೆಯ ಮೇಲಿನ ಹೆಂಗಸರೇ ಎದುರುಗೊಳ್ಳುತ್ತಿದ್ದರು. ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ಹಂಸದೊಡನೆ ಮಾತಿಗಿಳಿದ ದಮಯಂತಿ, ಅಶೋಕವನದಲ್ಲಿ ಒಂಟಿಯಾಗಿ ಕುಳಿತ ಸೀತೆ. ತೊಲೆಯ ಕೆಳಗೆ ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದ, ಕಟ್ಟು ಹಾಕಿಸಿದ ಪಟಗಳು. ದೇವರು ಯಾರೇ ಇರಲಿ, ಹೆಸರು ಮಾತ್ರ ಒಂದೇ: ರವಿವರ್ಮನ ಪಟ.

ನವರಾತ್ರಿಗೆ ಮುಂಚೆ ಪಟ ಇಳಿಸಿ ಒರೆಸುವ ದಿನ ಅಜ್ಜಿಯ ಮನೆಯ ಸೀತೆ ನಮ್ಮ ಕೈಗೆಟುಕುತ್ತಿದ್ದಳು. ದೂರದಿಂದ ಬೆಣ್ಣೆಯಂತಿದ್ದ ಕೆನ್ನೆ, ಮೂಗು ತಾಗಿಸಿ ನೋಡಿದರೆ ಬರೀ ಚುಕ್ಕೆ. ಕೆಂಪು, ಹಳದಿ, ಬೂದು. ಸೆರಗಿನ ಅಂಚಿಗೆ ಮನೆಯ ಯಾರೋ ಹಿರಿಯಳು ಜರಿ ಹೊಲಿದಿದ್ದಳು, ಸೊಂಟಕ್ಕೆ ಚಮಕಿ ಅಂಟಿಸಿದ್ದಳು.

ಆ ಚುಕ್ಕೆಗಳ ತವರು ಕಲ್ಲು. ಜರ್ಮನಿಯ ಬವೇರಿಯಾದ ಸುಣ್ಣಕಲ್ಲಿನ ನುಣುಪು ಚಪ್ಪಡಿಯ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಸವರಿ, ಶಾಯಿ ಹಚ್ಚಿದರೆ ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು. ಕೂದಲೆಳೆಯಷ್ಟು ಜರುಗಿದರೂ ಮುಖ ಕೆಟ್ಟಿತು. ಆ ಪಟಗಳ ಚಿತ್ರಕಾರ ರವಿವರ್ಮ 1894ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಇಂಥ ಅಚ್ಚುಕೂಟ ತೆರೆದ. ಅದೇ ದಶಕದಲ್ಲಿ ಪ್ಯಾರಿಸ್ಸಿನ ಇಂಪ್ರೆಷನಿಸ್ಟ್ ಕಲಾವಿದ ರೆನ್ವಾ, ಒಬ್ಬಳು ಇನ್ನೊಬ್ಬಳ ಟೋಪಿಗೆ ಪಿನ್ನು ಸಿಕ್ಕಿಸುತ್ತಿರುವ ಇಬ್ಬರು ಹುಡುಗಿಯರನ್ನು ಬಣ್ಣದ ಕಲ್ಲಚ್ಚಿಗೆ ತಂದ. ಅವರಲ್ಲೊಬ್ಬಳು ಚಿತ್ರಕಲಾವಿದೆ ಬರ್ತ್ ಮೊರಿಸೊಳ ಮಗಳು ಜೂಲಿ. ಆ ಹುಡುಗಿಯರು ಕಲಾಪ್ರಿಯರ ಸಂಗ್ರಹ ಸೇರಿದರು. ನಮ್ಮ ಸೀತೆ ಅಡುಗೆಮನೆಯ ಹೊಗೆ ಕುಡಿಯುತ್ತಾ ಬಾಳಿದಳು. ನಮ್ಮವಳದೇ ಹೆಚ್ಚಿನ ಬಾಳು ಎಂದು ನನಗನ್ನಿಸುತ್ತದೆ.

ಹಾಗನ್ನಿಸಲು ಕಾರಣ ಪೊನ್ಕುಳಿ. ಗುಂಡ್ಲುಪೇಟೆಯಿಂದ ಕೇರಳದತ್ತ ಹೋಗುವಾಗ, ಮೂಲೆಹೊಳೆ ದಾಟಿದ ಮೇಲೆ ಮುತ್ತಂಗದ ಕಾಡಿನಲ್ಲಿ, ಹೆದ್ದಾರಿಯ ಒಂದು ಮಗ್ಗುಲಿಗೆ ರಾಮನ ಗುಡಿ, ಇನ್ನೊಂದು ಮಗ್ಗುಲಿಗೆ ಸೀತೆಯ ಗುಡಿ. ಅವಳ ಕಣ್ಣೀರಿನಿಂದಲೇ ಆಯಿತೆನ್ನುವ ಕೊಳ. ಅಜ್ಜಿ ಅದರ ದಂಡೆಯಲ್ಲಿ ಕುಳಿತು, “ಮನೇಲಿ ಕೂತು ಅತ್ತಿದ್ದು ಸಾಲ್ದು ಅಂತ ಇಲ್ಲಿಗೂ ಬಂದು ಅತ್ತಳಲ್ಲ ನಮ್ಮವ್ವ” ಅಂದಳು. ಅವಳ ಪಾಲಿಗೆ ಸೀತೆಗಿದ್ದುದು ಒಂದೇ ಮುಖ, ನಡುಮನೆಯ ಪಟದ್ದು.

ಸೊಸೆಯಂದಿರು ಆ ಪಟ ನೋಡಿ ನಿರಿಗೆ ಹಿಡಿಯಲು ಕಲಿತರು. ಅತ್ತೆಗೆ ಹೇಳಲಾಗದ್ದನ್ನು ಅದರೆದುರು ಹೇಳಿಕೊಂಡರು. ತಗ್ಗಿದ ಆ ಕಣ್ಣುಗಳನ್ನೇ ಮಾದರಿಯೆಂದು ತೋರಿಸಿ ಹೆಣ್ಣುಮಕ್ಕಳ ಓದು ಬಿಡಿಸಿದ್ದೂ ಉಂಟು, ಮರೆಯಲಾಗದು. ಇವತ್ತು ಅದೇ ಮನೆಯ ಹುಡುಗಿಯರು ಬೆಳಗಿನ ಬಸ್ಸು ಹತ್ತಿ ಮೈಸೂರಿನ ಕಾಲೇಜಿಗೆ ಹೋಗುತ್ತಾರೆ. ಈ ಕಾಲ ಇನ್ನೂ ಮೊದಲೇ ಬರಬೇಕಿತ್ತು. ಆದರೆ ಅದು ಬಂತೆಂದು ಗೋಡೆಯ ಅವ್ವನನ್ನು ಹೊರಹಾಕಬೇಕಿತ್ತೇ?

ಮೊದಲು ಶಿವಕಾಶಿಯ ಕ್ಯಾಲೆಂಡರುಗಳು ಬಂದವು. ವರ್ಷ ಮುಗಿದರೆ ದೇವರೂ ರದ್ದಿಗೆ. ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರಗೊಂಡಿದ್ದ ರವಿವರ್ಮ ಪ್ರೆಸ್ಸಿಗೆ 1972ರಲ್ಲಿ ಬೆಂಕಿ ಬಿತ್ತು. ನಂತರ ಹಂಚಿನ ಮನೆಗಳು ತಾರಸಿಯಾದವು. ಹೊಸ ಗೋಡೆಗೆ ಮೊಳೆ ಹೊಡೆದರೆ ಪೇಂಟು ಹಾಳೆಂದು ಪಟಗಳು ಅಟ್ಟ ಸೇರಿದವು, ಅಟ್ಟದಿಂದ ಗುಜರಿಗೆ. ಈಗ ಜರಿ ಉಳಿದ ಪಟ ಅಪರೂಪವಂತೆ, ಹರಾಜಿನಲ್ಲಿ ಬೆಲೆ ಕೂಗುತ್ತಾರಂತೆ. ಕುಂಕುಮ ಹತ್ತಿದ ಗಾಜನ್ನು ತೆಗೆದೆಸೆದು, ಬಿಳಿಯ ದಪ್ಪ ಕಾಗದದ ಅಂಚು ಕೊಟ್ಟು, ಊಟದ ಹೋಟೆಲುಗಳಲ್ಲಿ ಅಲಂಕಾರಕ್ಕೆ ನೇತುಹಾಕುತ್ತಾರೆ.

ನಿಮ್ಮ ಅಟ್ಟದಲ್ಲಿ ಒಂದಿದ್ದರೆ ದಯವಿಟ್ಟು ಕೊಡಬೇಡಿ. ಹಿಂದಿನ ಹಲಗೆಗೆ ಗೆದ್ದಲು ಹತ್ತಿದೆಯೇ ನೋಡಿ, ಬಿಸಿಲು ಬೀಳದ ಗೋಡೆಗೆ ಹಾಕಿ. ಜರಿ ಹೊಲಿದವರ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿ; ನಮ್ಮ ಮನೆಯಲ್ಲಿ ಅದನ್ನು ಹೇಳುವವರು ಯಾರೂ ಉಳಿದಿಲ್ಲ.