ಕೇಳುವವರಿಲ್ಲದವರು

ಲೋಕಿಕೆರೆ, 13 ಏಪ್ರಿಲ್ 2025, ಭಾನುವಾರ

ಚನ್ನಗಿರಿ ತಾಲ್ಲೂಕು ನಲ್ಲೂರು ಕಡೆಯ ಆ ವಿಡಿಯೋ ಇವತ್ತು ಹೋಟೆಲಿನಲ್ಲಿ ಎಲ್ಲರ ಮೊಬೈಲಲ್ಲೂ ಓಡುತ್ತಿತ್ತು. ಹಕ್ಕಿಪಿಕ್ಕಿ ಹುಡುಗ, ಇನ್ನೂ ಹದಿನೆಂಟು ತುಂಬಿಲ್ಲ. ಕದ್ದಿದ್ದಾನೆಂದು ಅಡಿಕೆ ಮರಕ್ಕೆ ಕಟ್ಟಿ ಹೊಡೆದಿದ್ದಾರೆ, ಮೈಮೇಲೆ ಕೆಂಪಿರುವೆ ಬಿಟ್ಟಿದ್ದಾರೆ. ನಡೆದದ್ದು ಈ ತಿಂಗಳ 4ರಂದು. ವಿಡಿಯೋ ಹರಿದಾಡಿದ ಮೇಲೆ ಕೆಲವರ ಬಂಧನವಾಗಿದೆ.

ಅಯ್ಯೋ ಎಂದವರು ಕಡಿಮೆ. "ಆ ಜನ ಹುಟ್ಟಾ ಕಳ್ರು" ಎಂದ ಒಬ್ಬ. ಅಲೆಮಾರಿ ಕುಲಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದ್ದು ಬ್ರಿಟಿಷರ 1871ರ ಕಾಯ್ದೆ. ಅದು 1952ರಲ್ಲಿ ರದ್ದಾಗಿ ಎಷ್ಟು ತಲೆಮಾರು ಕಳೆಯಿತು! ಸರ್ಕಾರದ ಕಡತದಿಂದ ಹೋದ ಪಟ್ಟಿ ಹೋಟೆಲಿನ ಬೆಂಚಿನ ಮೇಲೆ ಹಾಗೇ ಇದೆ.

15 ಏಪ್ರಿಲ್, ಮಂಗಳವಾರ

ಅರ್ಜಿ ಟೈಪ್ ಮಾಡಿಸಲು ಪಕ್ಕದ ಓಣಿಯವನು ನನ್ನ ಅಂಗಡಿಗೆ ಬಂದಿದ್ದ. ಬೋರಿನ ಕೇಬಲ್ ಕೊಯ್ದುಕೊಂಡು ಹೋಗಿದ್ದಾರೆ. ಒಳಗಿನ ತಾಮ್ರ ಗುಜರಿಗೆ ಹೋಗುತ್ತದೆ. ಇದು ಎರಡನೇ ಸಲ. ಮೊದಲ ಸಲ ಠಾಣೆಗೆ ಹೋದಾಗ ಬಿಲ್ ಕೇಳಿದರಂತೆ. ಯಾವ ಕಾಲದಲ್ಲೋ ತಂದ ಕೇಬಲ್ಲಿಗೆ ಬಿಲ್ ಎಲ್ಲಿಂದ ತರಬೇಕು? ಎಫ್‌ಐಆರ್ ಆಗಲಿಲ್ಲ, ಹಿಂಬರಹವೂ ಕೈಗೆ ಬರಲಿಲ್ಲ.

"ಅಲ್ಲಣ್ಣ, ಠಾಣೆಗೆ ತಿರುಗೋಕೆ ದಿನದ ಕೂಲಿ ಹೋತು, ಬಸ್ ಚಾರ್ಜು ಹೋತು. ಕೋರ್ಟಂದ್ರೆ ಇನ್ನೆಷ್ಟು ವರ್ಷ? ಕೈಗೆ ಸಿಕ್ಕಾಗ ನಾಕು ಬಿಟ್ರೆ ಅವತ್ತೇ ಮುಗೀತತಿ."

ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯವೆಂದು ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ ಎಂದೆ. ಅವನು ನಕ್ಕ. ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ: ನ್ಯಾಯಕ್ಕೆ ಖರ್ಚು ಬರುತ್ತದೆ, ಏಟು ಪುಕ್ಕಟೆ.

17 ಏಪ್ರಿಲ್, ಗುರುವಾರ

ನಮ್ಮ ಜಿಲ್ಲೆಯದೇ ಇನ್ನೊಂದು. ಚನ್ನಗಿರಿ ತಾಲ್ಲೂಕು ತಾವರೆಕೆರೆಯಲ್ಲಿ ಹೆಂಗಸೊಬ್ಬಳನ್ನು ಮಸೀದಿ ಮುಂದೆ ಗುಂಪುಗಟ್ಟಿ ಕೋಲು, ಪೈಪುಗಳಿಂದ ಹೊಡೆದಿದ್ದಾರೆ. ಗಂಡ ಜಮಾತಿಗೆ ದೂರು ಕೊಟ್ಟಿದ್ದನಂತೆ. ಇಲ್ಲಿ ಕಳುವಾದ ಕೇಬಲ್ ಇಲ್ಲ, ಬಿಲ್ ಕೇಳಿದ ಪೊಲೀಸರೂ ಇಲ್ಲ. ಹಾಗಾದರೆ 'ಪೊಲೀಸರು ಬರಲ್ಲ, ಅದಕ್ಕೇ ಹೊಡೀತೀವಿ' ಎಂಬ ಮಾತು ಪೂರ್ತಿ ಸತ್ಯವಲ್ಲ.

2023ರ ಡಿಸೆಂಬರಿನಲ್ಲಿ ಬೆಳಗಾವಿಯ ಹೊಸ ವಂಟಮುರಿಯಲ್ಲಿ ಮಗ ಪ್ರೀತಿಸಿದ ಹುಡುಗಿಯೊಂದಿಗೆ ಹೋದದ್ದಕ್ಕೆ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದ್ದರು. ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕನ ಕಾಲದಲ್ಲಿ ಇಡೀ ಊರಿಗೆ ಹಾಕುತ್ತಿದ್ದ ದಂಡವನ್ನು ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ವರಾಳೆ ನೆನಪಿಸಿದರು. ಸುಮ್ಮನೆ ನಿಂತು ನೋಡಿದವರಿಗೂ ಪಾಲಿದೆ ಎಂಬುದು ಅದರ ಅರ್ಥ.

ಅಲೆಮಾರಿ ಹುಡುಗ, ಗಂಡನೇ ದೂರಿದ ಹೆಂಡತಿ, ಓಡಿಹೋದವನ ತಾಯಿ. ಇವರ ಪರವಾಗಿ ಮರುದಿನ ಬಂದು "ಯಾಕ್ ಹೊಡದ್ರಿ?" ಎಂದು ಕೇಳುವವರು ಊರಿನಲ್ಲಿ ಇರಲಿಲ್ಲ.

2 ಮೇ, ಶುಕ್ರವಾರ

ಮಂಗಳೂರಿನ ಕುಡುಪುವಿನಲ್ಲಿ ಕಳೆದ ಭಾನುವಾರ ಕ್ರಿಕೆಟ್ ಪಂದ್ಯದ ಮೈದಾನದ ಬಳಿ ಕೇರಳದ ವಯನಾಡಿನವನೊಬ್ಬನನ್ನು ಹೊಡೆದು ಕೊಂದಿದ್ದಾರೆ. ಗುಜರಿ ಆಯ್ದು ಬದುಕುತ್ತಿದ್ದವನಂತೆ. ಮೊದಲು ಅಸಹಜ ಸಾವು ಎಂದೇ ದಾಖಲಾಗಿತ್ತು, ಆಮೇಲೆ ಗುಂಪು ಹತ್ಯೆಯಾಯಿತು. ಹೊಸ ನ್ಯಾಯ ಸಂಹಿತೆಯ 103(2) ಪ್ರಕಾರ ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟೂರಿನಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಇಲ್ಲವೇ ಜೀವಾವಧಿ.

ಹೊಡೆದು ಸಿಕ್ಕಿಬಿದ್ದವರ ಮನೆಗಳ ಬಗ್ಗೆಯೂ ಯೋಚಿಸಿದೆ. ಠಾಣೆಗೆ ತಿರುಗಲು ಕೂಲಿ ಬಿಡಲಾರದವರು ಮಗನ ಜಾಮೀನಿಗೆ ಹೊಲ ಅಡವಿಡಬೇಕು. ಪುಕ್ಕಟೆ ಅಂದುಕೊಂಡ ಏಟಿನ ಬಿಲ್ಲು ತಡವಾಗಿ ಬರುತ್ತದೆ, ಅಷ್ಟೆ.

5 ಮೇ, ಸೋಮವಾರ

ಸೋಮವಾರವಾದ್ದರಿಂದ ಹೊಲದ ಬದುವಿನ ತಕರಾರಿನ ಕಾಗದ ಹಿಡಿದು ಸಿರಿಗೆರೆಗೆ ಹೊರಟವರು ಬೆಳಿಗ್ಗೆಯೇ ಜೆರಾಕ್ಸಿಗೆ ಬಂದರು. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಕೂರುವುದು ಸೋಮವಾರ. ವಕೀಲರ ಫೀಸಿಲ್ಲದೆ ಇಬ್ಬರ ಮಾತನ್ನೂ ಕೇಳುವ ಜಾಗವಿದೆ ಎಂದರೆ ಬದುವಿಗೆ ಬಡಿದಾಡುವವರೂ ಬಡಿಗೆ ಕೆಳಗಿಟ್ಟು ಬಸ್ ಹತ್ತುತ್ತಾರೆ. ಹಾಗಾಗಿ ನಮ್ಮ ಜನಕ್ಕೆ ತಾಳ್ಮೆಯೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅಲ್ಲಿಗೆ ಹೋಗುವ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿದ್ದವರು. ಗುಡಾರದಲ್ಲಿರುವವನನ್ನು ಎದುರು ಕೂರಿಸಿಕೊಳ್ಳುವವರು ಯಾರು?

ಇನ್ನೊಂದು ಮಾತು. ಮೆಕ್ಕೆಜೋಳದ ತೂಕದಲ್ಲಿ, ತೇವಾಂಶದ ಕಡಿತದಲ್ಲಿ ವ್ಯಾಪಾರಿ ಹೊಡೆಯುವ ದುಡ್ಡಿಗೆ ಎಷ್ಟು ಕೇಬಲ್ ಬರುತ್ತಿತ್ತು? ಅವನನ್ನು ಯಾರೂ ಮರಕ್ಕೆ ಕಟ್ಟುವುದಿಲ್ಲ. ಬರುವ ಮುಂಗಾರಿಗೆ ಬೀಜ, ಗೊಬ್ಬರ ಸಾಲಕ್ಕೆ ಬೇಕಾದವನು. "ಸಾವ್ಕಾರ್ರೇ" ಎಂದು ಕರೆಯುತ್ತೇವೆ. ಸಿಟ್ಟು ಹುಟ್ಟುವುದು ಒಂದು ಕಡೆ, ಇಳಿಯುವುದು ತಿರುಗಿ ಹೊಡೆಯಲಾರದವನ ಮೇಲೆ.

9 ಮೇ, ಶುಕ್ರವಾರ

ಸಂಜೆ ಹುಡುಗರು ಬಂದರು. ರಾತ್ರಿ ಗಸ್ತು ಶುರು ಮಾಡ್ತಾರಂತೆ, ಫ್ಲೆಕ್ಸ್ ಡಿಸೈನ್ ಬೇಕು: 'ಅಪರಿಚಿತರು ಊರೊಳಗೆ ಬಂದರೆ ಮುಂದಿನದಕ್ಕೆ ನಾವು ಜವಾಬ್ದಾರರಲ್ಲ.'

2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಹೇಳಿದೆ. ಹೈದರಾಬಾದಿನ ಎಂಜಿನಿಯರು, ಜೊತೆಯವನೊಬ್ಬ ಮಕ್ಕಳಿಗೆ ಕೊಟ್ಟ ಚಾಕಲೇಟು, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಸುದ್ದಿ, ಕಾರು ಅಡ್ಡಗಟ್ಟಿದ ಜನ, ಹೆಣ. ಸ್ವಲ್ಪ ಹೊತ್ತು ಸುಮ್ಮನಾದರು.

"ಗಸ್ತು ಮಾಡ್ರಪ್ಪ, ಒಳ್ಳೇದೇ. ಆ ಸಾಲು ತೆಗೆದು 112 ಹಾಕೋಣ, ಕೆಳಗೆ ಗಸ್ತಿನವರ ಹೆಸರು, ಫೋನ್ ನಂಬರು ಹಾಕೋಣ. ಜವಾಬ್ದಾರಿ ಯಾರದು ಅಂತ ಊರಿಗೆ ಗೊತ್ತಾಗ್ಲಿ."

"ಹೆಸ್ರು ಬ್ಯಾಡಣ್ಣ. ನಾಳೆ ಏನರ ಆದ್ರೆ?"

ಏನಾಗಬಹುದೆಂದು ಅವರಿಗೂ ಗೊತ್ತಿದೆ. ಹೆಸರಿಲ್ಲದೆ ಮಾಡಿಕೊಡುವುದಿಲ್ಲ ಎಂದೆ. ದಾವಣಗೆರೆಯಲ್ಲಿ ಮಾಡಿಸ್ಕೊಂತೀವಿ ಎಂದು ಎದ್ದರು. ಮಾಡಿಸಿಕೊಂಡೂ ಬರಬಹುದು. ನಾಳೆ ಕೇಬಲ್ಲಿನವನ ಅರ್ಜಿಯನ್ನು ಹಿಡಿದು ಅವನ ಜೊತೆ ನಾನೇ ಠಾಣೆಗೆ ಹೋಗುತ್ತೇನೆ. ಹಿಂಬರಹ ಪಡೆದೇ ಬರಬೇಕು. ಆ ಕಾಗದ ಒಬ್ಬನಿಗಾದರೂ ಸಿಕ್ಕರೆ ಈ ಹುಡುಗರ ಜೊತೆ ವಾದ ಮಾಡಲು ನನಗೂ ಒಂದು ಆಧಾರವಿರುತ್ತದೆ.